ಹೆಸರಿನ ಗುಟ್ಟು, ಸಂಖ್ಯೆಯ ಗುಟ್ಟು

2014ರ ಏಪ್ರಿಲ್‌ನಲ್ಲಿ ಟ್ವಿಟರ್ ಕಂಪನಿ ತಾನು ಪ್ರಕಟಿಸಬೇಕೆಂದಿದ್ದ ಪಾರದರ್ಶಕತಾ ವರದಿಯ ಕರಡನ್ನು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಗೆ ಕಳಿಸಿ, ಇದರಲ್ಲಿ ಯಾವುದನ್ನು ಹೇಳಬಹುದು, ಯಾವುದನ್ನು ಹೇಳಬಾರದು ಎಂದು ತಿಳಿಸುವಂತೆ ಕೇಳಿತು. ಹಿಂದಿನ ವರ್ಷದ ಕೊನೆಯ ಆರು ತಿಂಗಳಲ್ಲಿ ರಾಷ್ಟ್ರೀಯ ಭದ್ರತೆಯ ಕಾರಣಕ್ಕೆ ಬಳಕೆದಾರರ ಮಾಹಿತಿ ಕೋರಿ ಸರ್ಕಾರದಿಂದ ಎಷ್ಟು ಆದೇಶಗಳು ಬಂದಿವೆ ಎಂಬುದು ವರದಿಯ ತಿರುಳು. ಯಾರ ಮಾಹಿತಿ ಕೇಳಿದ್ದರು, ಯಾವ ಪ್ರಕರಣಕ್ಕಾಗಿ ಕೇಳಿದ್ದರು ಎಂಬ ವಿವರ ಅದರಲ್ಲಿರಲಿಲ್ಲ. ಯಾವುದಾದರೂ ಒಂದು ಬಗೆಯ ಆದೇಶ ಒಂದೂ ಬಂದಿಲ್ಲವಾದರೆ ‘ಸೊನ್ನೆ’ ಎಂದು ಹೇಳುವ ಅವಕಾಶವನ್ನೂ ಕಂಪನಿ ಬಯಸಿತ್ತು. ಐದು ತಿಂಗಳ ಬಳಿಕ ಬಂದ ಉತ್ತರ, ಈ ಅಂಕಿಗಳು ರಹಸ್ಯ ವರ್ಗಕ್ಕೆ ಸೇರಿದವು, ಪ್ರಕಟಿಸುವಂತಿಲ್ಲ ಎಂದಾಗಿತ್ತು. ಅಕ್ಟೋಬರ್ 7ರಂದು ಟ್ವಿಟರ್ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದ ಮೆಟ್ಟಿಲೇರಿತು.

ಹೆಚ್ಚೂಕಡಿಮೆ ಹತ್ತು ವರ್ಷ ನಡೆದ ಆ ವ್ಯಾಜ್ಯದಲ್ಲಿ ಕಂಪನಿ ಸೋತಿತು. 2020ರಲ್ಲಿ ಜಿಲ್ಲಾ ನ್ಯಾಯಾಲಯ, 2023ರ ಮಾರ್ಚ್‌ನಲ್ಲಿ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ ಸರ್ಕಾರದ ನಿಲುವನ್ನು ಎತ್ತಿಹಿಡಿದವು. 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಅಷ್ಟರಲ್ಲಿ ಕಂಪನಿಯ ಒಡೆತನವೂ ಹೆಸರೂ ಬದಲಾಗಿದ್ದವು. ಕಾನೂನಿನ ಲೆಕ್ಕದಲ್ಲಿ ವಿಷಯ ಇತ್ಯರ್ಥವಾಯಿತು. ಆದರೆ ಸರ್ಕಾರದ ಆದೇಶಕ್ಕೆ ತಲೆಬಾಗಿ ಪ್ರಜೆಯ ಮಾಹಿತಿಯನ್ನು ಒಪ್ಪಿಸಿದ ಕಂಪನಿಗೆ, ಒಪ್ಪಿಸಿದ್ದೇನೆ ಎಂದು ಹೇಳುವ ಹಕ್ಕು ಎಷ್ಟರಮಟ್ಟಿಗೆ ಇದೆ ಎಂಬ ಪ್ರಶ್ನೆ ಇತ್ಯರ್ಥವಾಗಿದೆ ಎನ್ನುವುದು ಕಷ್ಟ. ಇದರ ಎರಡೂ ಬದಿಗಳಲ್ಲಿ ಪ್ರಾಮಾಣಿಕವಾಗಿ ಯೋಚಿಸಿದವರಿದ್ದಾರೆ. ಇಬ್ಬರ ಮಾತನ್ನೂ ಅವರವರ ಅತ್ಯಂತ ಬಲವಾದ ರೂಪದಲ್ಲಿ ಕೇಳಿಸಿಕೊಳ್ಳುವುದು ಲೇಸು.

ಮೊದಲು ವ್ಯವಸ್ಥೆಯ ಸ್ವರೂಪ. ಅಮೆರಿಕದಲ್ಲಿ ಇಂಥ ಮಾಹಿತಿ ಪಡೆಯಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ವಿದೇಶಿ ಬೇಹುಗಾರಿಕೆ ಕಣ್ಗಾವಲಿಗೆಂದೇ ಇರುವ ವಿಶೇಷ ನ್ಯಾಯಾಲಯದ ಮೂಲಕ ಬರುವ ಆದೇಶಗಳು. ಅಲ್ಲಿನ ಕಲಾಪ ಬಹುತೇಕ ಗುಟ್ಟಾಗಿಯೇ ನಡೆಯುತ್ತದೆ. ಇನ್ನೊಂದು, ನ್ಯಾಯಾಧೀಶರ ಮುಂಗಡ ಒಪ್ಪಿಗೆಯಿಲ್ಲದೆ ಎಫ್‌ಬಿಐ ತಾನೇ ಹೊರಡಿಸುವ ‘ರಾಷ್ಟ್ರೀಯ ಭದ್ರತಾ ಪತ್ರ’. 2001ರ ಪೇಟ್ರಿಯಟ್ ಕಾಯ್ದೆಯ ನಂತರ ಈ ಪತ್ರಗಳ ಬಳಕೆ ವಿಪರೀತ ಹೆಚ್ಚಿತು. 2003ರಿಂದ 2005ರವರೆಗಿನ ಮೂರು ವರ್ಷಗಳಲ್ಲಿ ಇವುಗಳ ಮೂಲಕ 1,43,074 ಕೋರಿಕೆಗಳು ಹೋಗಿದ್ದವೆಂದು ನ್ಯಾಯಾಂಗ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ 2007ರಲ್ಲಿ ವರದಿ ಮಾಡಿದರು. ಬಹುಪಾಲು ಪತ್ರಗಳ ಜೊತೆಗೆ, ಪತ್ರ ಬಂದಿರುವುದನ್ನೇ ಯಾರಿಗೂ ಹೇಳಕೂಡದೆಂಬ ನಿರ್ಬಂಧ, ಅಂದರೆ ಗ್ಯಾಗ್ ಆದೇಶ, ಇರುತ್ತದೆ. 2013ರ ಡಿಸೆಂಬರ್‌ನಲ್ಲಿ ಅಧ್ಯಕ್ಷರೇ ನೇಮಿಸಿದ್ದ ಪರಿಶೀಲನಾ ತಂಡ ಈ ಪ್ರಮಾಣವನ್ನು ಶೇ 97 ಎಂದು ಹೇಳಿತು.

ಕಂಪನಿಗಳು ಬಾಯಿಬಿಟ್ಟು ಕೇಳತೊಡಗಿದ್ದು ಅದೇ ವರ್ಷದ ಜೂನ್‌ನಲ್ಲಿ, ಅಮೆರಿಕದ ಬೇಹುಗಾರಿಕೆ ಸಂಸ್ಥೆಯ ಗುತ್ತಿಗೆ ಉದ್ಯೋಗಿಯಾಗಿದ್ದ ಎಡ್ವರ್ಡ್ ಸ್ನೋಡೆನ್ ಬಯಲಿಗಿಟ್ಟ ದಾಖಲೆಗಳಲ್ಲಿ ‘ಪ್ರಿಸಂ’ ಎಂಬ ಕಣ್ಗಾವಲು ಕಾರ್ಯಕ್ರಮದ ವಿವರ ಹೊರಬಂದ ಮೇಲೆ. ಸರ್ಕಾರಕ್ಕೆ ತಮ್ಮ ಸರ್ವರ್‌ಗಳಿಗೆ ನೇರ ಪ್ರವೇಶ ಕೊಟ್ಟಿಲ್ಲವೆಂದು ಅವು ಹೇಳಿದವು; ಹಾಗಾದರೆ ಎಷ್ಟು ಕೊಟ್ಟಿದ್ದೀರಿ ಎಂಬ ಪ್ರಶ್ನೆಗೆ ಉತ್ತರಿಸಲು ಕಾನೂನು ಬಿಡಲಿಲ್ಲ. ಗೂಗಲ್, ಮೈಕ್ರೋಸಾಫ್ಟ್, ಯಾಹೂ, ಫೇಸ್‌ಬುಕ್, ಲಿಂಕ್ಡ್‌ಇನ್ ಕಂಪನಿಗಳು ವಿಶೇಷ ನ್ಯಾಯಾಲಯಕ್ಕೆ ಅರ್ಜಿ ಹಾಕಿದವು. 2014ರ ಜನವರಿಯಲ್ಲಿ ರಾಜಿಯಾಯಿತು: ಬಗೆಬಗೆಯ ಆದೇಶಗಳನ್ನು ಬಿಡಿಬಿಡಿಯಾಗಿ ಹೇಳುವುದಾದರೆ ಸಾವಿರ ಸಾವಿರದ ಗುಂಪಿನಲ್ಲಿ, ಒಟ್ಟಾಗಿ ಹೇಳುವುದಾದರೆ 250ರ ಗುಂಪಿನಲ್ಲಿ ಹೇಳಬಹುದು. ಬಿಡಿಬಿಡಿಯಾಗಿ ಹೇಳುವಾಗ ಒಂದೂ ಬಾರದ ಕಂಪನಿಯೂ 999 ಬಂದ ಕಂಪನಿಯೂ ‘0–999’ ಎಂದೇ ಬರೆಯಬೇಕಿತ್ತು. ರಾಜಿಯಲ್ಲಿ ಪಾಲುದಾರನಲ್ಲದ ಟ್ವಿಟರ್ ತಕರಾರು ತೆಗೆದದ್ದು ಇಲ್ಲೇ.

ಕಂಪನಿಗಳ ಪರವಾದ ಮೊದಲ ವಾದ ವಾಕ್ ಸ್ವಾತಂತ್ರ್ಯವನ್ನು ಕಾಯುವ, ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯನ್ನು ಆಧರಿಸಿದೆ. ಆಡಿದ ಮಾತಿಗೆ ಆಮೇಲೆ ಶಿಕ್ಷೆ ವಿಧಿಸುವುದು ಒಂದು ಬಗೆ. ಆಡುವ ಮುನ್ನವೇ ಬಾಯಿ ಮುಚ್ಚಿಸುವುದು ಇನ್ನೊಂದು. ಎರಡನೆಯದನ್ನು ಅಲ್ಲಿನ ನ್ಯಾಯಾಲಯಗಳು ಬಹುಕಾಲದಿಂದ ಅನುಮಾನದಿಂದಲೇ ನೋಡಿವೆ. 1965ರ ‘ಫ್ರೀಡ್‌ಮನ್’ ಪ್ರಕರಣದಲ್ಲಿ, ಅಂಥ ನಿರ್ಬಂಧ ಹಾಕುವ ಸರ್ಕಾರ ತಾನೇ ನ್ಯಾಯಾಲಯಕ್ಕೆ ಹೋಗಬೇಕು, ತೀರ್ಪು ಬೇಗ ಬರಬೇಕು, ಅಲ್ಲಿಯವರೆಗಿನ ತಡೆ ಅಲ್ಪಕಾಲದ್ದಾಗಿರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಅದು ಸಿನಿಮಾ ಸೆನ್ಸಾರ್ ಕುರಿತ ತೀರ್ಪು. ಚಲನಚಿತ್ರಕ್ಕೆ ಸಿಗುವ ಈ ರಕ್ಷಣೆ, ಸರ್ಕಾರದ ನಡವಳಿಕೆಯನ್ನೇ ಕುರಿತ ಮಾತಿಗೆ ಸಿಗದಿದ್ದರೆ ಹೇಗೆ ಎಂಬ ಕಂಪನಿಗಳ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕಲಾಗದು.

ಎರಡನೆಯ ವಾದ ಸಾರ್ವಜನಿಕ ಚರ್ಚೆಗೆ ಸಂಬಂಧಿಸಿದ್ದು. 2005ರಲ್ಲಿ ಕನೆಕ್ಟಿಕಟ್ ರಾಜ್ಯದ ಗ್ರಂಥಾಲಯಗಳ ಒಕ್ಕೂಟವೊಂದಕ್ಕೆ ಎಫ್‌ಬಿಐ ಪತ್ರ ಬಂತು. ಅದನ್ನು ಪ್ರಶ್ನಿಸಿ ನಾಲ್ವರು ಗ್ರಂಥಪಾಲಕರು ಹೆಸರು ಮರೆಮಾಡಿಕೊಂಡೇ ದಾವೆ ಹೂಡಿದರು. ಪೇಟ್ರಿಯಟ್ ಕಾಯ್ದೆಯನ್ನು ನವೀಕರಿಸಬೇಕೆ ಬೇಡವೆ ಎಂದು ಆ ದಿನಗಳಲ್ಲಿ ಸಂಸತ್ತು ಚರ್ಚಿಸುತ್ತಿತ್ತು. ಗ್ರಂಥಾಲಯಗಳಿಗೆ ಅದರಿಂದ ತೊಂದರೆಯಿಲ್ಲವೆಂದು ಅಧಿಕಾರಿಗಳು ಹೇಳುತ್ತಿದ್ದರು. ತೊಂದರೆಯನ್ನು ಕಣ್ಣಾರೆ ಕಂಡ ನಾಲ್ವರು ಬಾಯಿಬಿಡುವಂತಿರಲಿಲ್ಲ. 2006ರ ಮಾರ್ಚ್‌ನಲ್ಲಿ ಕಾಯ್ದೆ ನವೀಕರಣಗೊಂಡ ಬಳಿಕವಷ್ಟೇ ಅವರ ಮೇಲಿನ ನಿರ್ಬಂಧ ತೆರವಾಯಿತು. ಆದೇಶ ಹೊರಡಿಸುವವರು ಮಾತಾಡಬಹುದು, ಆದೇಶ ಪಡೆದವರು ಮಾತಾಡಬಾರದು ಎಂದಾದಾಗ ಚರ್ಚೆಯ ತಕ್ಕಡಿ ಒಂದೇ ಕಡೆಗೆ ವಾಲುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಾರದು.

ಸರ್ಕಾರದ ಕಡೆಯ ಉತ್ತರ ಕಡಿಮೆ ತೂಕದ್ದೇನಲ್ಲ. ಕಣ್ಗಾವಲು ಫಲ ಕೊಡಬೇಕಾದರೆ ಅದಕ್ಕೆ ಗುರಿಯಾದವನಿಗೆ ತಿಳಿದಿರಕೂಡದು. ಇದನ್ನು ಕಂಪನಿಗಳೂ ಒಪ್ಪುತ್ತವೆ. ಸರ್ಕಾರ ಒಂದು ಹೆಜ್ಜೆ ಮುಂದೆ ಹೋಗಿ, ಬರೀ ಸಂಖ್ಯೆಯೂ ಮಾತಾಡುತ್ತದೆ ಎನ್ನುತ್ತದೆ. ರಂಗೋಲಿಯ ಒಂದು ಚುಕ್ಕಿ ಏನನ್ನೂ ಹೇಳದಿದ್ದರೂ ಚುಕ್ಕಿಗಳನ್ನು ಸೇರಿಸಿದಾಗ ಆಕಾರ ಮೂಡುವಂತೆ, ಕಂಪನಿವಾರು, ಆರು ತಿಂಗಳಿಗೊಮ್ಮೆ ಬರುವ ಅಂಕಿಗಳನ್ನು ತಾಳ್ಮೆಯಿಂದ ಜೋಡಿಸಿದ ಶತ್ರುವಿಗೆ ಯಾವ ವೇದಿಕೆಯ ಮೇಲೆ ಕಣ್ಣಿದೆ, ಯಾವುದರ ಮೇಲೆ ಇಲ್ಲ, ಯಾವಾಗಿನಿಂದ ಇದೆ ಎಂಬುದರ ನಕ್ಷೆ ಸಿಗುತ್ತದೆ. ಈ ದೃಷ್ಟಿಯಿಂದ ಸೊನ್ನೆಯೇ ಎಲ್ಲಕ್ಕಿಂತ ಅಪಾಯದ ಅಂಕಿ. ಇಲ್ಲಿ ಯಾರೂ ನೋಡುತ್ತಿಲ್ಲ ಎಂದು ಬೋರ್ಡು ಹಾಕಿದಂತೆ ಅದು ಕೆಲಸ ಮಾಡಬಹುದು. ಸಣ್ಣ ಕಂಪನಿಯೊಂದರಲ್ಲಿ ಸೊನ್ನೆ ಒಮ್ಮೆಲೇ ಒಂದಾದರೆ, ಅಲ್ಲಿ ಖಾತೆ ಇಟ್ಟುಕೊಂಡಿರುವ ಸಂಚುಕೋರನಿಗೆ ಅಷ್ಟು ಸುಳಿವು ಸಾಕು.

ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಿತು. ಜೊತೆಗೆ ಇನ್ನೊಂದು ಅಂಶವನ್ನೂ ಎತ್ತಿ ಹೇಳಿತು: ಟ್ವಿಟರ್ ಹೇಳಬೇಕೆಂದಿರುವ ಸಂಗತಿ ಕಂಪನಿ ತಾನಾಗಿ ಕಂಡುಕೊಂಡದ್ದಲ್ಲ, ಸರ್ಕಾರದ ಜೊತೆಗಿನ ಗೋಪ್ಯ ವ್ಯವಹಾರದಿಂದಲೇ ಅದಕ್ಕೆ ತಿಳಿದದ್ದು. ಗ್ರ್ಯಾಂಡ್ ಜ್ಯೂರಿಯ ಮುಂದೆ ನಡೆಯುವ ಗುಪ್ತ ವಿಚಾರಣೆಯ ವಿವರವನ್ನು ಹೊರಗೆ ಹೇಳದಂತೆ ತಡೆಯುವುದನ್ನು ಕಾನೂನು ಬಹುಕಾಲದಿಂದ ಮಾನ್ಯ ಮಾಡಿದೆ. ಇದೂ ಅದಕ್ಕೆ ಹತ್ತಿರದ್ದು. ಪತ್ರಿಕೆಯೊಂದು ತಾನೇ ಪತ್ತೆಹಚ್ಚಿದ ಸುದ್ದಿಯನ್ನು ತಡೆಯುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ ಎಂಬ ಈ ತರ್ಕದಲ್ಲಿ ಹುರುಳಿದೆ. ಸರ್ಕಾರದ ಕಣ್ಗಾವಲು ಅತಿಯಾಯಿತೆಂದು ಟೀಕಿಸಲು ಟ್ವಿಟರ್‌ಗೆ ಯಾವ ಅಡ್ಡಿಯೂ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು. ತಡೆ ಬಿದ್ದದ್ದು ಅಭಿಪ್ರಾಯಕ್ಕಲ್ಲ, ಅಂಕಿಗೆ.

ಆದರೂ ಗ್ರ್ಯಾಂಡ್ ಜ್ಯೂರಿಯ ಹೋಲಿಕೆಗೆ ಮಿತಿಯಿದೆ. 1990ರಲ್ಲಿ ಫ್ಲೋರಿಡಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಜ್ಯೂರಿಯ ಅವಧಿ ಮುಗಿದ ಮೇಲೂ ಸಾಕ್ಷಿದಾರ ತನ್ನದೇ ಸಾಕ್ಷ್ಯದ ಬಗ್ಗೆ ಮಾತಾಡಬಾರದೆಂದು ಶಾಶ್ವತವಾಗಿ ತಡೆಯಲಾಗದು ಎಂದಿತ್ತು. ಅಂದರೆ ಗೋಪ್ಯತೆ ನ್ಯಾಯಸಮ್ಮತವಾದದ್ದು ಅದಕ್ಕೊಂದು ಕೊನೆಯಿದ್ದುದರಿಂದ. ಕಂಪನಿಗಳ ಅತ್ಯಂತ ಬಲವಾದ ವಾದ ಬಹುಶಃ ಇದೇ. 2016ರಲ್ಲಿ ಮೈಕ್ರೋಸಾಫ್ಟ್ ಹೂಡಿದ ದಾವೆ ಮುಖ್ಯವಾಗಿ ಸಾಮಾನ್ಯ ಅಪರಾಧ ತನಿಖೆಗಳಿಗೆ ಸಂಬಂಧಿಸಿದ್ದು. ಅದರ ಪ್ರಕಾರ 18 ತಿಂಗಳಲ್ಲಿ ಬಂದ 5,624 ಆದೇಶಗಳಲ್ಲಿ 2,576ಕ್ಕೆ ಗೋಪ್ಯತೆಯ ನಿರ್ಬಂಧವಿತ್ತು. ಅವುಗಳಲ್ಲಿ 1,752 ನಿರ್ಬಂಧಗಳಿಗೆ ಕೊನೆಯ ದಿನಾಂಕವೇ ಇರಲಿಲ್ಲ. ತನಿಖೆ ಮುಗಿದು, ಆರೋಪಿ ಖುಲಾಸೆಯಾಗಿ, ಕಡತ ಅಟ್ಟ ಸೇರಿದ ಮೇಲೂ ತನ್ನ ಇಮೇಲ್ ಓದಲಾಗಿತ್ತೆಂದು ಪ್ರಜೆಗೆ ಎಂದೂ ತಿಳಿಯದಿರುವುದಕ್ಕೆ ಭದ್ರತೆಯ ಯಾವ ಕಾರಣ ಕೊಡಬಹುದು? ಮರುವರ್ಷ ನ್ಯಾಯಾಂಗ ಇಲಾಖೆಯೇ ಸಾಮಾನ್ಯವಾಗಿ ಇಂಥ ನಿರ್ಬಂಧ ಒಂದು ವರ್ಷ ಮೀರಬಾರದೆಂದು ತನ್ನ ವಕೀಲರಿಗೆ ಸೂಚಿಸಿತು; ಮೈಕ್ರೋಸಾಫ್ಟ್ ದಾವೆ ಹಿಂತೆಗೆದುಕೊಂಡಿತು.

ನಿಕೊಲಸ್ ಮೆರಿಲ್ ಎಂಬವರ ಪ್ರಕರಣ ಇದರ ಇನ್ನೊಂದು ಮುಖ. ನ್ಯೂಯಾರ್ಕ್‌ನಲ್ಲಿ ಸಣ್ಣ ಇಂಟರ್‌ನೆಟ್ ಕಂಪನಿ ನಡೆಸುತ್ತಿದ್ದ ಅವರಿಗೆ 2004ರಲ್ಲಿ ಎಫ್‌ಬಿಐ ಪತ್ರ ಬಂತು. ಪತ್ರ ಪಡೆದವನು ನಾನೇ ಎಂದು ಹೇಳಿಕೊಳ್ಳಲು 2010ರವರೆಗೆ, ಪತ್ರದಲ್ಲಿ ಏನೇನು ಕೇಳಿದ್ದರು ಎಂದು ಹೇಳಲು 2015ರವರೆಗೆ ಅವರು ಕಾಯಬೇಕಾಯಿತು. ಕೊನೆಗೆ ಹೊರಬಿದ್ದದ್ದು ಯಾವ ಭಯೋತ್ಪಾದಕನ ಹೆಸರೂ ಅಲ್ಲ. ನ್ಯಾಯಾಧೀಶರ ವಾರಂಟ್ ಇಲ್ಲದೆಯೇ ವ್ಯಕ್ತಿಯೊಬ್ಬರು ನೋಡಿದ ಜಾಲತಾಣಗಳ ಪೂರ್ಣ ಇತಿಹಾಸ, ಆನ್‌ಲೈನ್ ಖರೀದಿಯ ವಿವರ ಇತ್ಯಾದಿಗಳನ್ನು ಕೇಳಬಹುದೆಂದು ಎಫ್‌ಬಿಐ ಭಾವಿಸಿತ್ತು ಎಂಬ ಸಂಗತಿ. ಹನ್ನೊಂದು ವರ್ಷ ಮುಚ್ಚಿಟ್ಟದ್ದು ತನಿಖೆಯ ಗುಟ್ಟಿಗಿಂತ ಹೆಚ್ಚಾಗಿ ಅಧಿಕಾರದ ವ್ಯಾಪ್ತಿಯ ಗುಟ್ಟನ್ನು.

ಇಲ್ಲಿ ಸರ್ಕಾರದ ಪರವಾಗಿ ಹೇಳಬೇಕಾದದ್ದೂ ಇದೆ. ಟೀಕೆಗೆ ಆ ವ್ಯವಸ್ಥೆ ಕಿವುಡಾಗಿ ಕೂತಿಲ್ಲ. 2015ರ ಫ್ರೀಡಂ ಕಾಯ್ದೆ ಸಂಖ್ಯೆಯ ಗುಂಪುಗಳನ್ನು ಕಿರಿದು ಮಾಡಿತು. ವರ್ಷದ ಒಟ್ಟು ಮೊತ್ತವನ್ನು ಈಗ ನೂರರ ಗುಂಪಿನಲ್ಲೂ ಹೇಳಬಹುದು. ಗ್ಯಾಗ್ ಆದೇಶಗಳನ್ನು ಕಾಲಕಾಲಕ್ಕೆ ಮರುಪರಿಶೀಲಿಸಬೇಕೆಂದು ಅದು ವಿಧಿಸಿತು. ಆ ಬಳಿಕ ರೂಪುಗೊಂಡ ನಿಯಮಗಳ ಪ್ರಕಾರ ತನಿಖೆಯ ಮೂರನೇ ವರ್ಷಕ್ಕೆ ಮತ್ತು ತನಿಖೆ ಮುಗಿದಾಗ ಪತ್ರಗಳ ಗೋಪ್ಯತೆಯನ್ನು ಮತ್ತೆ ತೂಗಿನೋಡಬೇಕು. 2013ರಲ್ಲಿ ಈ ಪತ್ರಗಳ ಕಾನೂನನ್ನೇ ಸಂವಿಧಾನಬಾಹಿರವೆಂದಿದ್ದ ನ್ಯಾಯಾಧೀಶೆ ಸೂಸನ್ ಇಲ್‌ಸ್ಟನ್ ತಿದ್ದುಪಡಿಯ ನಂತರ ನಿಲುವು ಬದಲಿಸಿದರು. ಮೇಲ್ಮನವಿ ನ್ಯಾಯಾಲಯ ಅದನ್ನು 2017ರಲ್ಲಿ ಎತ್ತಿಹಿಡಿಯಿತು. ದೇಶದ ಒಟ್ಟು ಅಂಕಿಗಳನ್ನು ಬೇಹುಗಾರಿಕೆ ನಿರ್ದೇಶಕರ ಕಚೇರಿ 2014ರಿಂದ ವರ್ಷವರ್ಷವೂ ಪ್ರಕಟಿಸುತ್ತಿದೆ. ಪ್ರಜೆಗಳಿಗೆ ಬೇಕಾದ ಮೊತ್ತ ಸಿಗುತ್ತಿದೆ, ಶತ್ರುವಿಗೆ ಬೇಕಾದ ಕಂಪನಿವಾರು ನಕ್ಷೆ ಮಾತ್ರ ಸಿಗುತ್ತಿಲ್ಲ. ಇದಕ್ಕಿಂತ ಒಳ್ಳೆಯ ಸಮತೋಲ ಯಾವುದು ಎಂದು ಸರ್ಕಾರ ಕೇಳಿದರೆ ಉತ್ತರಿಸುವುದು ಅಷ್ಟು ಸಲೀಸಲ್ಲ.

ಉತ್ತರವೊಂದಿದೆ: ಆ ಮೊತ್ತವನ್ನು ತಾಳೆ ನೋಡುವವರು ಯಾರು? ಮೇಲೆ ಹೇಳಿದ 2007ರ ವರದಿಯೇ, ಎಫ್‌ಬಿಐ ಸಂಸತ್ತಿಗೆ ಕೊಡುತ್ತಿದ್ದ ಲೆಕ್ಕ ವಾಸ್ತವಕ್ಕಿಂತ ಕಡಿಮೆಯಿತ್ತೆಂದು ಕಂಡುಕೊಂಡಿತ್ತು. ಈ ಸಂಗತಿಯನ್ನು ಎರಡೂ ಕಡೆಯವರು ಬಳಸಿಕೊಳ್ಳಬಲ್ಲರು. ತಪ್ಪನ್ನು ಹಿಡಿದದ್ದು ಸರ್ಕಾರದೊಳಗಿನ ತಪಾಸಣೆಯೇ ಆದ್ದರಿಂದ ವ್ಯವಸ್ಥೆ ಕೆಲಸ ಮಾಡುತ್ತಿದೆ ಎನ್ನಬಹುದು; ಸಂಸತ್ತು ವರ್ಷಗಟ್ಟಲೆ ತಪ್ಪು ಲೆಕ್ಕ ನಂಬಿ ಕಾನೂನು ಮಾಡಿತು ಎಂದೂ ಹೇಳಬಹುದು. 2013ರ ಮಾರ್ಚ್‌ನಲ್ಲಿ ಬೇಹುಗಾರಿಕೆ ನಿರ್ದೇಶಕ ಜೇಮ್ಸ್ ಕ್ಲಾಪರ್, ಲಕ್ಷಾಂತರ ಅಮೆರಿಕನ್ನರ ಮಾಹಿತಿ ಸಂಗ್ರಹಿಸುತ್ತಿದ್ದೀರಾ ಎಂದು ಸೆನೆಟರ್ ರಾನ್ ವೈಡನ್ ಬಹಿರಂಗ ಸಭೆಯಲ್ಲಿ ಕೇಳಿದಾಗ ಇಲ್ಲವೆಂದರು. ಕೆಲವೇ ತಿಂಗಳಲ್ಲಿ ಆ ಉತ್ತರ ತಪ್ಪಾಗಿತ್ತೆಂದು ಒಪ್ಪಿಕೊಂಡರು. ಉಸ್ತುವಾರಿಯೂ ಗುಟ್ಟಿನೊಳಗೇ ನಡೆದಾಗ ಅದರ ಗುಣಮಟ್ಟವನ್ನು ಹೊರಗಿನವರು ಅಳೆಯಲಾರರು.

ಪ್ರಜೆ ತಾನೇ ನ್ಯಾಯಾಲಯಕ್ಕೆ ಹೋಗಬಹುದಲ್ಲ ಎಂದರೆ, ಆ ಬಾಗಿಲೂ ಕಿರಿದು. 2013ರ ಫೆಬ್ರವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ, ತಮ್ಮ ಮೇಲೆ ಕಣ್ಗಾವಲಿದೆಯೆಂದು ತೋರಿಸಲಾಗದ ವಕೀಲರು, ಪತ್ರಕರ್ತರು, ಮಾನವ ಹಕ್ಕು ಸಂಘಟನೆಗಳಿಗೆ ದಾವೆ ಹೂಡುವ ಅರ್ಹತೆಯಿಲ್ಲ ಎಂದು ಹೇಳಿತು. ಗುರಿಯಾದವನಿಗೆ ಗೊತ್ತಿಲ್ಲ, ಗೊತ್ತಿಲ್ಲದ್ದರಿಂದ ಪ್ರಶ್ನಿಸಲಾರ, ಗೊತ್ತಿರುವುದು ಕಂಪನಿಗೊಂದಕ್ಕೇ. ಅದರ ಬಾಯಿಯನ್ನೂ ಕಟ್ಟಿದರೆ ಕಾನೂನನ್ನು ಒರೆಗೆ ಹಚ್ಚುವವರೇ ಉಳಿಯುವುದಿಲ್ಲ.

ಹಾಗೆಂದು ಕಂಪನಿಗಳನ್ನು ಪ್ರಜೆಗಳ ಸಹಜ ವಕ್ತಾರರೆಂದು ಭಾವಿಸುವುದಕ್ಕೂ ಎಚ್ಚರ ಬೇಕು. ಸ್ನೋಡೆನ್ ಪ್ರಕರಣಕ್ಕೆ ಮುಂಚೆ ಬಹುತೇಕ ಕಂಪನಿಗಳು ಈ ವಿಷಯದಲ್ಲಿ ಸಾರ್ವಜನಿಕವಾಗಿ ದನಿ ಎತ್ತಿದ್ದು ಕಡಿಮೆ. ವಿದೇಶಿ ಗ್ರಾಹಕರ ವಿಶ್ವಾಸ ಕುಸಿಯುವ ಭಯ ಅವುಗಳ ಪಾರದರ್ಶಕತೆಯ ಹಂಬಲಕ್ಕೆ ಗಣನೀಯ ಕಾರಣವಾಗಿತ್ತು. ಬಳಕೆದಾರರ ಪ್ರತಿ ಹೆಜ್ಜೆಯನ್ನೂ ಜಾಹೀರಾತಿಗಾಗಿ ದಾಖಲಿಸಿಡುವ ಉದ್ಯಮವೇ ಸರ್ಕಾರದ ಕಣ್ಗಾವಲಿಗೆ ಕಚ್ಚಾವಸ್ತು ಒದಗಿಸಿತು ಎಂಬುದೂ ಸುಳ್ಳಲ್ಲ. ಜೊತೆಗೆ, ಯಾವ ಅಂಕಿ ಬಯಲಾದರೆ ಯಾರ ಪ್ರಾಣಕ್ಕೆ ಕುತ್ತು ಎಂದು ಅಳೆಯುವ ಹೊಣೆಯೂ ಸಾಧನವೂ ಕಂಪನಿಗಿಲ್ಲ. ತಪ್ಪಿದರೆ ಜನರಿಗೆ ಉತ್ತರ ಹೇಳಬೇಕಾದ್ದು ಸರ್ಕಾರವೇ.

ಇದಕ್ಕೆ ವಿರುದ್ಧವಾಗಿ ಯಾಹೂ ಉದಾಹರಣೆಯನ್ನು ಇಡಬಹುದು. 2007–08ರಲ್ಲಿ ಅದು ಸರ್ಕಾರದ ಆದೇಶವನ್ನು ವಿಶೇಷ ನ್ಯಾಯಾಲಯದಲ್ಲಿ ಗುಟ್ಟಾಗಿಯೇ ಪ್ರಶ್ನಿಸಿತು; ಪಾಲಿಸದಿದ್ದರೆ ದಿನಕ್ಕೆ 2.5 ಲಕ್ಷ ಡಾಲರ್ ದಂಡವೆಂಬ ಎಚ್ಚರಿಕೆ ಎದುರಿಸಿ ಸೋತಿತು. ಈ ಹೋರಾಟದ ದಾಖಲೆಗಳು ಬಹಿರಂಗವಾದದ್ದು 2014ರಲ್ಲಿ. ಯಾರ ಮೆಚ್ಚುಗೆಯೂ ಸಿಗದ ಹೊತ್ತಿನಲ್ಲಿ ನಡೆದ ಆ ಹೋರಾಟಕ್ಕೆ ಬರೀ ವ್ಯಾಪಾರದ ಲೆಕ್ಕಾಚಾರವನ್ನು ಕಾರಣವಾಗಿ ಕೊಡಲಾಗದು. ಅದಕ್ಕಿಂತ ಮುಖ್ಯವಾಗಿ, ಮಾತಾಡುವವನ ಉದ್ದೇಶ ಮಿಶ್ರವಾಗಿದ್ದ ಮಾತ್ರಕ್ಕೆ ಅವನು ಹೇಳುವ ಅಂಕಿ ಸುಳ್ಳಾಗುವುದಿಲ್ಲ.

ಗುಟ್ಟು ರಟ್ಟಾದರೆ ನಿಜಕ್ಕೂ ಎಷ್ಟು ಹಾನಿ? ಒಸಾಮ ಬಿನ್ ಲಾಡೆನ್ ಉಪಗ್ರಹ ಫೋನ್ ಬಳಸುತ್ತಾನೆಂದು 1998ರ ಆಗಸ್ಟ್‌ನಲ್ಲಿ ಪತ್ರಿಕೆಯೊಂದು ಬರೆದದ್ದರಿಂದ ಅಲ್ ಖೈದಾ ನಾಯಕರು ಆ ಫೋನ್ ಬಿಟ್ಟರೆಂದು ಸೆಪ್ಟೆಂಬರ್ 11ರ ದಾಳಿ ಕುರಿತ ತನಿಖಾ ಆಯೋಗ ಹೇಳಿತು. ಆ ಫೋನಿನ ಸಂಗತಿ ಮೊದಲೇ ಪತ್ರಿಕೆಗಳಲ್ಲಿ ಬಂದಿತ್ತು, ವರದಿಯ ಹಿಂದಿನ ದಿನವೇ ಅಮೆರಿಕದ ಕ್ಷಿಪಣಿಗಳು ಆತನ ಶಿಬಿರದ ಮೇಲೆ ಬಿದ್ದಿದ್ದವು ಎಂದು ಇತರ ಪತ್ರಕರ್ತರು ಆಮೇಲೆ ತೋರಿಸಿಕೊಟ್ಟರು. ಹಾನಿಯನ್ನು ಸಾಧಿಸುವುದೂ ಕಷ್ಟ, ಅಲ್ಲಗಳೆಯುವುದೂ ಕಷ್ಟ. ಇಂಥಲ್ಲಿ ನ್ಯಾಯಾಲಯಗಳು ಭದ್ರತಾ ಅಧಿಕಾರಿಗಳ ಅಂದಾಜಿಗೆ ಮಣೆ ಹಾಕುವುದು ಅರ್ಥವಾಗುವ ಮಾತು. ಆದರೆ ಟ್ವಿಟರ್ ಪ್ರಕರಣದಲ್ಲಿ ಸರ್ಕಾರ ಸಲ್ಲಿಸಿದ ರಹಸ್ಯ ಪ್ರಮಾಣಪತ್ರವನ್ನು ನ್ಯಾಯಾಧೀಶರು ಓದಿದರು, ಕಂಪನಿಯ ವಕೀಲರಿಗೆ ಅದು ನೋಡಲು ಸಿಗಲಿಲ್ಲ. ಎದುರುವಾದವೇ ಇಲ್ಲದ ಅಂದಾಜನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆ ಉಳಿದುಕೊಳ್ಳುತ್ತದೆ.

ಇದೇ ಪ್ರಶ್ನೆ ಬೆಂಗಳೂರಿನಲ್ಲೂ ಎದ್ದಿತ್ತು. 2022ರ ಜುಲೈನಲ್ಲಿ ಅದೇ ಟ್ವಿಟರ್ ಕಂಪನಿ, 39 ಕೊಂಡಿಗಳನ್ನು ತಡೆಹಿಡಿಯುವಂತೆ ಕೇಂದ್ರ ಸರ್ಕಾರ ನೀಡಿದ್ದ ಆದೇಶಗಳ ವಿರುದ್ಧ ಕರ್ನಾಟಕ ಹೈಕೋರ್ಟ್‌ಗೆ ಬಂತು. ಇದು ಕಣ್ಗಾವಲಿನ ಪ್ರಕರಣವಲ್ಲ, ಖಾತೆ ಮತ್ತು ಬರಹಗಳನ್ನು ತಡೆಯುವುದಕ್ಕೆ ಸಂಬಂಧಿಸಿದ್ದು. ಆದರೆ ಗೋಪ್ಯತೆಯ ತೊಡಕು ಒಂದೇ: 2009ರ ತಡೆ ನಿಯಮಗಳ 16ನೇ ನಿಯಮ ಇಂಥ ಕೋರಿಕೆಗಳನ್ನು ಕಟ್ಟುನಿಟ್ಟಾಗಿ ಗುಟ್ಟಾಗಿಡಬೇಕೆನ್ನುತ್ತದೆ. ಆದೇಶಗಳು ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಲಯಕ್ಕೆ ಹೋದವು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅರ್ಜಿಯನ್ನು ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ವಿಧಿಸಿದರು. ಕಂಪನಿ ಮೇಲ್ಮನವಿ ಸಲ್ಲಿಸಿತು. ತೀರ್ಪಿನ ಒಂದು ಅಂಶ ನಮ್ಮ ಚರ್ಚೆಗೆ ಮುಖ್ಯ: 19ನೇ ವಿಧಿಯ ವಾಕ್ ಸ್ವಾತಂತ್ರ್ಯ ಇರುವುದು ಪ್ರಜೆಗಳಿಗೆ, ವಿದೇಶಿ ಕಂಪನಿ ಅದನ್ನು ತನ್ನದೆಂದು ಕೇಳಲಾಗದು. ಸಂವಿಧಾನದ ಪದಗಳಿಗೆ ಇದು ನಿಷ್ಠವಾದ ಓದು. ಆದರೆ ಹಕ್ಕುಳ್ಳ ಪ್ರಜೆಗೆ ವಿಷಯ ಗೊತ್ತಿಲ್ಲ, ಗೊತ್ತಿರುವ ಕಂಪನಿಗೆ ಹಕ್ಕಿಲ್ಲ ಎಂದಾದರೆ ಪ್ರಶ್ನಿಸುವವರು ಯಾರು ಎಂಬ ಅಮೆರಿಕದ ತೊಡಕು ಇಲ್ಲಿ ಇನ್ನಷ್ಟು ಬಿಗಿಯಾಗುತ್ತದೆ.

ಭಾರತದಲ್ಲಿ ಕಣ್ಗಾವಲಿನ ಅಂಕಿಗಳ ವಿಷಯದಲ್ಲಂತೂ ‘0–999’ ಎಂಬ ಗುಂಪೂ ಇಲ್ಲ. 2014ರ ಜೂನ್‌ನಲ್ಲಿ ವೊಡಾಫೋನ್ ತಾನಿರುವ 29 ದೇಶಗಳ ವರದಿ ಪ್ರಕಟಿಸಿದಾಗ, ಕದ್ದಾಲಿಕೆಯ ಅಂಕಿ ಹೇಳಲು ಕಾನೂನು ಬಿಡದ ದೇಶಗಳ ಪಟ್ಟಿಯಲ್ಲಿ ಭಾರತವಿತ್ತು. ಇಲ್ಲಿ ಕದ್ದಾಲಿಕೆಗೆ ಅನುಮತಿ ಕೊಡುವವರು ಗೃಹ ಕಾರ್ಯದರ್ಶಿ, ಅದನ್ನು ಮರುಪರಿಶೀಲಿಸುವುದು ಕಾರ್ಯದರ್ಶಿಗಳದೇ ಸಮಿತಿ, ನ್ಯಾಯಾಧೀಶರ ಪಾತ್ರವಿಲ್ಲ. ಎರಡು ತಿಂಗಳಿಗೊಮ್ಮೆ ಸೇರುವ ಆ ಸಮಿತಿಯ ಮುಂದೆ ಪ್ರತಿ ಸಭೆಯಲ್ಲೂ 15,000ದಿಂದ 18,000 ಆದೇಶಗಳಿರುತ್ತವೆ, ಇದು ಮಾಡಿ ಮುಗಿಸಲಾಗದ ಕೆಲಸ ಎಂದು ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ಹೇಳಿತು. ಇದಕ್ಕೂ ಎದುರುಮಾತಿದೆ: ಗಡಿಯಾಚೆಯ ಭಯೋತ್ಪಾದನೆ ಎದುರಿಸುವ, ಇಷ್ಟು ದೊಡ್ಡ ದೇಶದಲ್ಲಿ ಪ್ರತಿ ಆದೇಶಕ್ಕೂ ನ್ಯಾಯಾಲಯದ ಮುಂಗಡ ಒಪ್ಪಿಗೆ ಕಡ್ಡಾಯ ಮಾಡಿದರೆ ತುರ್ತು ಕೆಲಸ ನಿಲ್ಲಬಹುದು. ಫೋನ್ ಕದ್ದಾಲಿಕೆ ಕುರಿತ 1996ರ ಪಿಯುಸಿಎಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ನ್ಯಾಯಾಂಗದ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸದೆ ಆಡಳಿತದೊಳಗಿನ ರಕ್ಷಣೆಗಳಿಗೆ ತೃಪ್ತಿಪಟ್ಟಿತ್ತು. ಆದರೆ ಈ ಅಧಿಕಾರ ರಾಜಕೀಯಕ್ಕೆ ತಿರುಗಬಹುದು ಎಂಬುದು ಕರ್ನಾಟಕಕ್ಕೆ ಪುಸ್ತಕದ ಮಾತಲ್ಲ. 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು ಫೋನ್ ಕದ್ದಾಲಿಕೆಯ ಆರೋಪದ ಬೆನ್ನಲ್ಲೇ.

ಎರಡೂ ಕಡೆಯ ವಾದಗಳನ್ನು ಒಟ್ಟಿಗಿಟ್ಟು ನೋಡಿದಾಗ, ‘ಗುಟ್ಟು’ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಸಂಗತಿಗಳು ಸೇರಿಕೊಂಡಿರುವುದು ಕಾಣುತ್ತದೆ: ಯಾರ ಮೇಲೆ ಕಣ್ಣಿದೆ ಎಂಬ ಹೆಸರು, ಎಷ್ಟು ಜನರ ಮೇಲೆ ಎಂಬ ಸಂಖ್ಯೆ, ಯಾವ ಕಾನೂನಿನ ಯಾವ ಅರ್ಥದ ಮೇಲೆ ಎಂಬ ಅಧಿಕಾರ. ಸರ್ಕಾರದ ವಾದ ಹೆಸರಿನ ವಿಷಯದಲ್ಲಿ ಅತ್ಯಂತ ಬಲವಾಗಿದೆ, ಸಂಖ್ಯೆಗೆ ಬಂದಾಗ ಮಧ್ಯಮ, ಅಧಿಕಾರದ ವ್ಯಾಪ್ತಿಗೆ ಬಂದಾಗ ದುರ್ಬಲ. ಕಂಪನಿಗಳ ವಾದದ ಬಲ ಇದರ ತಿರುವುಮುರುವು. ಮಧ್ಯದ ದಾರಿ ಇದ್ದರೆ ಅದು ಈ ವಿಂಗಡಣೆಯಿಂದಲೇ ಹೊರಡಬೇಕೆಂದು ತೋರುತ್ತದೆ.

ಹಾಗಾಗಿ, ಹೆಸರು ತನಿಖೆ ನಡೆಯುವಷ್ಟು ಕಾಲ ಗುಟ್ಟಾಗಿರಲಿ; ಆದರೆ ಪ್ರತಿ ಗುಟ್ಟಿಗೂ ಮುಗಿಯುವ ದಿನಾಂಕವಿರಲಿ, ಮುಂದುವರಿಸಬೇಕೆಂದರೆ ಸರ್ಕಾರವೇ ನ್ಯಾಯಾಧೀಶರ ಮುಂದೆ ಕಾರಣ ಕೊಡಲಿ. ಸಂಖ್ಯೆಯನ್ನು ದೊಡ್ಡ ಕಂಪನಿಗಳು ಒಂದಷ್ಟು ತಡವಾಗಿ, ಸಣ್ಣ ಗುಂಪುಗಳಲ್ಲಿ ಹೇಳಲಿ. ಸಣ್ಣ ಅಂಕಿಯೂ ಸುಳಿವಾಗಬಲ್ಲ ಚಿಕ್ಕ ಕಂಪನಿಗಳ ಲೆಕ್ಕವನ್ನು ಸ್ವತಂತ್ರ ತಪಾಸಕರೊಬ್ಬರು ಪಡೆದು ಸರ್ಕಾರದ ಮೊತ್ತದೊಡನೆ ತಾಳೆ ನೋಡಲಿ. ಸೊನ್ನೆಯನ್ನು ಕೂಡಲೇ ಹೇಳಬೇಕೆಂಬ ಟ್ವಿಟರ್‌ನ ಬೇಡಿಕೆಗೆ ಇದರಲ್ಲಿ ಪೂರ್ತಿ ಜಾಗವಿಲ್ಲ; ಅಂಕಿ ಎಂದೆಂದಿಗೂ ಬೇಡವೆಂಬ ನಿಲುವಿಗೂ ಇಲ್ಲ. ಕಾನೂನಿನ ವ್ಯಾಖ್ಯಾನವಂತೂ ಗುಟ್ಟಾಗಿರಕೂಡದು. ಬೇಹುಗಾರಿಕೆ ನ್ಯಾಯಾಲಯದ ಮಹತ್ವದ ತೀರ್ಪುಗಳನ್ನು ಸಾಧ್ಯವಾದಷ್ಟು ಬಹಿರಂಗಪಡಿಸಬೇಕೆಂದು ಅಮೆರಿಕದ 2015ರ ಕಾಯ್ದೆ ವಿಧಿಸಿರುವುದು ಆ ದಿಕ್ಕಿನ ಹೆಜ್ಜೆ. ಕಾಗದಪತ್ರ ನಿಜಕ್ಕೂ ತೋರಿಸಲಾಗದ್ದಾದರೆ ಎದುರುವಾದ ಮಂಡಿಸಲು ನ್ಯಾಯಾಲಯಕ್ಕೆ ನೆರವಾಗುವ ನಂಬಿಕಸ್ಥ ವಕೀಲ, ಅಂದರೆ ಅಮಿಕಸ್ ಕ್ಯೂರಿ, ಒಬ್ಬರಿರಲಿ. ಆ ಕಾಯ್ದೆ ಇದಕ್ಕೂ ಅವಕಾಶ ಮಾಡಿದೆ. ಭಾರತದ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಮೀಡಿಯಾ ಒನ್ ವಾಹಿನಿಯ ಪ್ರಕರಣದಲ್ಲಿ ಮುಚ್ಚಿದ ಲಕೋಟೆಯ ಪದ್ಧತಿಯನ್ನು ಟೀಕಿಸಿ ಇಂಥದ್ದೇ ದಾರಿ ಸೂಚಿಸಿದೆ.

ಈ ದಾರಿಗೆ ಬೆಲೆಯಿದೆ. ಕೆಲವೊಮ್ಮೆ ಒಂದು ಅಂಕಿ ಒಬ್ಬ ಅಪರಾಧಿಗೆ ಎಚ್ಚರಿಕೆಯಾಗಬಹುದು. ಕೆಲವೊಮ್ಮೆ ಪ್ರಜೆಗೆ ತಿಳಿಯಬೇಕಾದ್ದು ಎರಡು ಮೂರು ವರ್ಷ ತಡವಾಗಬಹುದು. ಎರಡೂ ನಷ್ಟವೇ, ಎರಡನ್ನೂ ಮುಚ್ಚಿಡುವುದು ಸರಿಯಲ್ಲ. ಆದರೂ ಅವುಗಳ ನಡುವೆ ಆರಿಸಬೇಕಾದರೆ, ತಡವಾದ ಮತ್ತು ಒರಟಾದ ಸತ್ಯವನ್ನು ಸಹಿಸಿಕೊಳ್ಳುವುದು ಕೊನೆಯಿಲ್ಲದ ಮೌನವನ್ನು ಸಹಿಸಿಕೊಳ್ಳುವುದಕ್ಕಿಂತ ಪ್ರಜಾಪ್ರಭುತ್ವಕ್ಕೆ ಕಡಿಮೆ ಅಪಾಯದ್ದು ಎನ್ನಬಹುದು. ತಡವಾದದ್ದನ್ನು ಮುಂದಿನ ಚುನಾವಣೆಯೊಳಗೆ, ಇಲ್ಲವೇ ಮುಂದಿನ ಕಾಯ್ದೆಯ ಚರ್ಚೆಯೊಳಗೆ ಸರಿಪಡಿಸಿಕೊಳ್ಳಲು ಅವಕಾಶವಿದೆ. ಗೊತ್ತೇ ಆಗದಿರುವ ತಪ್ಪನ್ನು ಯಾವ ಸಂಸತ್ತೂ, ಯಾವ ನ್ಯಾಯಾಲಯವೂ ತಿದ್ದಲಾರದು.